ಅಂಗಡಿಯಲ್ಲಿ ಹಾಡಿ ಮನೆಯಲ್ಲಿ ಮೌನ ತಾಳುವ ಸ್ಪೀಕರ್ ಜೋಡಿಗೆ

ಇಂದ: ತಮ್ಮ ಎದುರಿನ ಕುರ್ಚಿಯಲ್ಲಿ ಹತ್ತೊಂಬತ್ತು ದಿನಗಳಿಂದ ಕುಳಿತಿರುವವನು.

ಗೆ: ಶ್ರೀಯುತ ಎಡ ಸ್ಪೀಕರ್ ಹಾಗೂ ಶ್ರೀಯುತ ಬಲ ಸ್ಪೀಕರ್, ಕಂಪ್ಯೂಟರಿನ ಅಕ್ಕಪಕ್ಕ, ಕಿಟಕಿಯ ಕೆಳಗಿನ ಮೇಜು.

ವಿಷಯ: ತಾವು ತಾಳಿರುವ ಘನವಾದ ಮೌನದ ಬಗ್ಗೆ.

ಉಲ್ಲೇಖ: ಇದೇ ವಿಷಯವಾಗಿ ನಾನು ತಮಗೆ ಮೌಖಿಕವಾಗಿ ಸಲ್ಲಿಸಿದ ಬೈಗುಳಗಳು, ದಿನಕ್ಕೆ ಸರಾಸರಿ ಆರು.

ಮಾನ್ಯರೇ,

ತಾವಿಬ್ಬರೂ ಕುಶಲವೆಂದು ಭಾವಿಸುತ್ತೇನೆ. ಭಾವಿಸದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಕುಶಲವೋ ಅಲ್ಲವೋ ಎಂಬುದನ್ನು ತಾವಾಗಿಯೇ ಬಾಯಿಬಿಟ್ಟು ಹೇಳುವ ಲಕ್ಷಣ ಕಾಣುತ್ತಿಲ್ಲ. ಬಲಗಡೆಯವರ ಹಸಿರು ದೀಪ ಬೆಳಗಿನಿಂದ ಸಂಜೆಯವರೆಗೂ ಉರಿಯುತ್ತಿದೆ, ಎಡಗಡೆಯವರು ತಮ್ಮ ನಾಲ್ಕು ರಬ್ಬರ್ ಕಾಲುಗಳಲ್ಲಿ ಒಂದನ್ನು ಎಲ್ಲೋ ಕಳೆದುಕೊಂಡು ತುಸು ವಾಲಿ ಕುಳಿತಿದ್ದರೂ ಮುಖದ ಗಾಂಭೀರ್ಯಕ್ಕೆ ಏನೂ ಕಡಿಮೆ ಮಾಡಿಕೊಂಡಿಲ್ಲ. ನೋಡುವವರಿಗೆ ತಾವು ಕರ್ತವ್ಯದ ಮೇಲಿರುವಂತೆಯೇ ಕಾಣುತ್ತೀರಿ. ಸರ್ಕಾರಿ ನೌಕರಿಯಲ್ಲಿ ಮೂವತ್ತೊಂದು ವರ್ಷ ಕಳೆದವನಾದ್ದರಿಂದ ಈ ಭಂಗಿಯ ಬೆಲೆ ನನಗೆ ಚೆನ್ನಾಗಿ ಗೊತ್ತು.

ಕಾಲೇಜಿನಲ್ಲಿ ನಮಗೆ ಇಂಗ್ಲಿಷು ಹೇಳುತ್ತಿದ್ದ ಮೇಷ್ಟ್ರು, ದೂರಿನ ಪತ್ರ ಬರೆಯುವುದು ಹೇಗೆಂದು ಒಂದು ಇಡೀ ಟರ್ಮು ಕಲಿಸಿದ್ದರು. 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಬೇಕು, 'ಫಾರ್ ವಿಚ್ ಆಕ್ಟ್ ಆಫ್ ಕೈಂಡ್‌ನೆಸ್' ಎಂದು ಮುಗಿಸಬೇಕು. ಮಧ್ಯೆ ಏನು ಬರೆಯಬೇಕೆಂಬುದು ನನಗೆ ಮರೆತುಹೋಗಿದೆ. ಆದ್ದರಿಂದ ಮಧ್ಯದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮಗೆ ಓದುವ ಅಭ್ಯಾಸ ಇಲ್ಲದಿರುವುದರಿಂದ, ಬರೆದು ಮುಗಿದ ಮೇಲೆ ತಮ್ಮೆದುರು ನಿಂತು ನಾನೇ ಗಟ್ಟಿಯಾಗಿ ಓದುವವನಿದ್ದೇನೆ. ಪಕ್ಕದ ಮನೆಯವರಿಗೂ ಕೇಳಲಿ ಎಂದು ಕಿಟಕಿ ತೆಗೆದಿಟ್ಟಿದ್ದೇನೆ. ಇದು ಬಹಿರಂಗ ಪತ್ರವಾಗುವುದು ಹಾಗೆ.

ಮೊದಲು ನನ್ನ ಪರಿಚಯ. ನಾನು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್. ಹಿತ್ತಾಳೆಯ ತೂಕದ ಬೊಟ್ಟುಗಳನ್ನು ಚರ್ಮದ ಚೀಲದಲ್ಲಿ ತುಂಬಿ, ಹೆಗಲಿಗೆ ಹಾಕಿಕೊಂಡು, ಅಂಗಡಿ ಅಂಗಡಿ ಹತ್ತಿಳಿದು, ಈ ಊರಿನ ತಕ್ಕಡಿಗಳನ್ನೆಲ್ಲ ನೇರ ಮಾಡಿದವನು. ಕಿಲೋಗೆ ಹತ್ತು ಗ್ರಾಂ ಕಡಿಮೆ ತೂಗಿದವನನ್ನು ನಾನು ಬಿಟ್ಟವನಲ್ಲ, ಮೀಟರಿಗೆ ಅರ್ಧ ಇಂಚು ಕದ್ದವನನ್ನು ಕ್ಷಮಿಸಿದವನಲ್ಲ. ಇದನ್ನು ತಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಅರ್ಧ ಇಂಚಿನ ವಿಷಯ ಮುಂದೆ ಬರುತ್ತದೆ, ಅದಕ್ಕೆ ಹೇಳಿದೆ.

ನಮ್ಮಾಕೆ ತೀರಿಕೊಂಡು ಎಂಟು ತಿಂಗಳಾಯಿತು. ಅವಳು ಹೊಲಿಗೆಯವಳು. ಸ್ಕೂಲಿನ ಮಕ್ಕಳ ಸಮವಸ್ತ್ರ, ಪರದೆ, ದಿಂಬಿನ ಚೀಲ, ಯಾರದೋ ಕೋಟಿನ ಒಳಪದರ, ಎಲ್ಲವೂ ಬರುತ್ತಿತ್ತು. ಹೊರಗಿನ ಕೆಲಸ ಇಲ್ಲದ ದಿನ ಅವಳ ಕಣ್ಣು ಮನೆಯ ವಸ್ತುಗಳ ಮೇಲೆ ಬೀಳುತ್ತಿತ್ತು, ಹಾಗಾಗಿ ನಮ್ಮ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ಯಂತ್ರ ಒಂದೂ ಇಲ್ಲ. ರೇಡಿಯೋಗೆ ಅಂಗಿ, ಮಿಕ್ಸಿಗೆ ಟೋಪಿ, ಫ್ರಿಜ್ಜಿನ ಹಿಡಿಗೆ ಕೈಗವಸು. ತಮ್ಮ ನಡುವೆ ನೆಲದ ಮೇಲೆ ನಿಂತಿರುವ ಕಂಪ್ಯೂಟರ್ ಪೆಟ್ಟಿಗೆಗೆ ಹಳದಿ ಹೂವಿನ ನಿಲುವಂಗಿ: ಉಸಿರಾಡಲೆಂದು ಬೆನ್ನಿಗೆ ಬಲೆಬಟ್ಟೆ, ತಂತಿಗಳಿಗೆಂದು ಅದರಲ್ಲೊಂದು ಸೀಳು, ಕೆಳಗೆ ನೆಲ ಮುಟ್ಟುವ ನೆರಿಗೆ, ಎದುರಿಗೆ ಸ್ವಿಚ್ ಒತ್ತಲು ನೀಟಾಗಿ ಹೊಲಿದ ಒಂದೇ ಒಂದು ಕಾಜ. 'ಇದನ್ನ ಬಿಚ್ಚಿದ್ರೆ ಒಳಗೆ ಧೂಳು ಹೋಗತ್ತೆ, ಮುಟ್ಬೇಡಿ' ಎಂದು ಅವಳು ಹೇಳಿದ್ದಳು, ನಾನು ಮುಟ್ಟಿಲ್ಲ. ಈ ಮನೆಯಲ್ಲಿ ಬಟ್ಟೆಯಿಲ್ಲದೆ ಉಳಿದವರು ತಾವಿಬ್ಬರೇ. 'ಮಾತಾಡೋರ ಬಾಯಿಗೆ ಬಟ್ಟೆ ಯಾಕೆ' ಎಂದು ತಮ್ಮನ್ನು ಬಿಟ್ಟಿದ್ದಳು. ಆ ನಂಬಿಕೆಗೆ ತಾವು ತೋರಿಸುತ್ತಿರುವ ಕೃತಜ್ಞತೆಯನ್ನು ಕಂಡು ಮೂಕನಾಗಿದ್ದೇನೆ. ಮನೆಯಲ್ಲಿ ಈಗ ಒಟ್ಟು ಮೂವರು ಮೂಕರು.

ಇನ್ನು ಅಹವಾಲಿಗೆ ಬರುತ್ತೇನೆ. ನಮ್ಮಾಕೆಯ ತಂಗಿ, ಅಂದರೆ ನನ್ನ ನಾದಿನಿ, ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ಮೂವತ್ತಮೂರು ವರ್ಷ ಜನರಿಗೆ 'ಶ್' ಎಂದು ಹೇಳಿ ಸಂಬಳ ಪಡೆದು, ಈ ತಿಂಗಳ ಕೊನೆಯ ದಿನ ನಿವೃತ್ತಳಾಗುತ್ತಿದ್ದಾಳೆ. ಬೀಳ್ಕೊಡುಗೆಯ ದಿನ ಕುಟುಂಬದ ಪರವಾಗಿ ನಾನು ನಾಲ್ಕು ಮಾತಾಡಬೇಕು. ಇದು ನಮ್ಮಾಕೆಗೆ ಮೊದಲೇ ಗೊತ್ತಿತ್ತು, ನಾನು ಅಲ್ಲಿಗೂ ಆ ಬಿಸ್ಕತ್ತು ಬಣ್ಣದ ಅಂಗಿಯಲ್ಲೇ ಹೋಗುತ್ತೇನೆ ಎಂಬುದೂ ಗೊತ್ತಿತ್ತು. ಆಸ್ಪತ್ರೆಗೆ ಸೇರುವ ಹಿಂದಿನ ವಾರ ತಿಳಿನೀಲಿ ಬಟ್ಟೆ ತಂದು, ನನ್ನ ಅಳತೆ ತೆಗೆದು, ಕತ್ತರಿಸಿ ಇಟ್ಟಳು. 'ಬಂದ್ಮೇಲೆ ಹೊಲೀತೀನಿ, ಎರಡು ದಿನದ ಕೆಲಸ' ಎಂದಿದ್ದಳು. ಬರಲಿಲ್ಲ.

ಆ ತುಂಡುಗಳ ಗಂಟನ್ನು ಹಿಡಿದು ಬೀದಿ ಮೂಲೆಯ ಟೈಲರನ ಹತ್ತಿರ ಹೋದೆ. ಆತ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಇಳಿಸಿ, 'ಯಜಮಾನ್ರೇ, ಕತ್ತರಿ ಹಿಡಿದೋರು ಸಾಮಾನ್ಯರಲ್ಲ. ಆದ್ರೆ ಎಡ ಹೆಗಲಿಗೂ ಬಲ ಹೆಗಲಿಗೂ ಅರ್ಧ ಇಂಚು ವ್ಯತ್ಯಾಸ ಇದೆ. ಕೈತಪ್ಪಿ ಆಗಿದ್ರೆ ನಾನು ಸರಿ ಮಾಡ್ತೀನಿ, ಬೇಕಂತ ಮಾಡಿದ್ರೆ ಮುಟ್ಟಲ್ಲ. ಯಾವ್ದು?' ಎಂದ. ನಮ್ಮಾಕೆ ತಪ್ಪು ಕತ್ತರಿಸುವವಳಲ್ಲ ಎಂದೆ. 'ಹಾಗಾದ್ರೆ ನಿಮ್ಮ ಹೆಗಲು ಓರೆ' ಎಂದ. ಮೂವತ್ತೊಂದು ವರ್ಷ ತಕ್ಕಡಿ ನೇರ ಮಾಡಿದವನಿಗೆ ಈ ಮಾತು! ನನ್ನ ಹೆಗಲು ನೇರವಾಗಿದೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. 'ಎರಡರಲ್ಲಿ ಒಂದು ಒಪ್ಕೊಂಡು ಈ ತಿಂಗಳ ನಾಲ್ಕನೇ ಶನಿವಾರದೊಳಗೆ ಬಂದು ಹೇಳಿ, ಆಮೇಲೆ ಬಂದ್ರೆ ಹೊಲಿಯಕ್ಕಾಗಲ್ಲ' ಎಂದು ಆತ ಗಂಟು ಕಟ್ಟಿ ಪಕ್ಕಕ್ಕಿಟ್ಟ.

ಮಾನ್ಯರೇ, ಅಂಗಿ ಹಾಳಾಗಲಿ, ನಾನು ಬಿಸ್ಕತ್ತು ಬಣ್ಣದಲ್ಲೇ ಹೋದೇನು. ಆದರೆ ನಲವತ್ತು ವರ್ಷ ಒಂದು ನೂಲೆಳೆ ಆಚೀಚೆ ಹೋಗದಂತೆ ಕತ್ತರಿಸಿದವಳ ಕೈ, ಕೊನೆಯ ಬಟ್ಟೆಯ ಮೇಲೆ ಮಾತ್ರ ನಡುಗಿತೇ ಎಂಬ ಪ್ರಶ್ನೆಯನ್ನು ಮೂಲೆಯ ಟೈಲರನ ಮೇಜಿನ ಮೇಲೆ ಹಾಗೇ ಬಿಟ್ಟುಬರಲು ನನಗೆ ಮನಸ್ಸಿಲ್ಲ.

ಉತ್ತರ ತಮ್ಮ ಹತ್ತಿರ ಇದೆ. ಅಳತೆ ತೆಗೆಯುವಾಗ ನಮ್ಮಾಕೆಯ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಸೀಮೆಸುಣ್ಣ. ಬರೆದುಕೊಳ್ಳಲು ಮೂರನೇ ಕೈಯಿಲ್ಲ. ಹಾಗಾಗಿ ಅವಳು ಹೊಲಿಗೆ ಕೋಣೆಯಲ್ಲಿ ತಲೆಗೊಂದು ಕಪ್ಪು ಪಟ್ಟಿ ಏರಿಸಿಕೊಂಡು, ಅದರಿಂದ ಬಾಯಿಯ ಮುಂದಕ್ಕೆ ಬಂದ ಕಡ್ಡಿಗೆ ಅಳತೆಗಳನ್ನು ಹೇಳುತ್ತಿದ್ದಳು, ಅದು ಇಲ್ಲಿ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಕಂಪ್ಯೂಟರಿನಲ್ಲಿ ಆ ಕಡತಗಳ ಸಾಲೇ ಇದೆ: 'ಬೇಕರಿಯವರ ಮಗಳು', 'ಮೂರನೇ ಮಹಡಿ ಪರದೆ', 'ಡಾಕ್ಟರ ಕೋಟು'. ಎಲ್ಲಕ್ಕಿಂತ ಕೆಳಗೆ, 'ಇವರ ಅಂಗಿ'. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. 'ಇವರು' ಎಂದರೆ ನಾನೇ. ಮನೆಯಲ್ಲಿ ನನಗೆ ಬೇರೆ ಹೆಸರಿರಲಿಲ್ಲ. ಅಳತೆ ತೆಗೆಯುವಾಗ ನಾನು ಅಲ್ಲೇ ನಿಂತಿದ್ದೆ ನಿಜ, ಆದರೆ ಕೈಯೆತ್ತಿಕೊಂಡು ರೇಡಿಯೋದ ವಾರ್ತೆಗೆ ಕಿವಿಗೊಟ್ಟಿದ್ದೆ. ಅವಳು ಹೇಳಿದ್ದಕ್ಕೆಲ್ಲ ಹೂಂ ಎಂದಿದ್ದೆ. ಈಗ ಅದರಲ್ಲಿ ಒಂದು ಮಾತೂ ನೆನಪಿಲ್ಲ.

ಹತ್ತೊಂಬತ್ತು ದಿನಗಳ ಹಿಂದೆ ಆ ಕಡತವನ್ನು ಒತ್ತಿದೆ. ಪರದೆಯ ಮೇಲೆ ಹಸಿರು ಗೆರೆ ಏರುತ್ತ ಇಳಿಯುತ್ತ ಕುಣಿಯಿತು, ಅಂದರೆ ಒಳಗೆ ಯಾರೋ ಮಾತಾಡುತ್ತಿದ್ದಾರೆ. ಹೊರಗೆ ತಾವು. ಸದ್ದಿಲ್ಲ.

ಆ ಮೇಲೆ ನಾನು ತಮಗೆ ಮಾಡಿದ ಸೇವೆಯನ್ನು ತಾವು ಮರೆತಿರಲಾರಿರಿ. ಗುಂಡಿಯನ್ನು ಬಲಕ್ಕೆ ಕೊನೆಯವರೆಗೂ ತಿರುಗಿಸಿದೆ. ಪರದೆಯ ಮೂಲೆಯಲ್ಲಿರುವ ಪುಟ್ಟ ತುತ್ತೂರಿಯನ್ನು ಒತ್ತಿ ನೂರಕ್ಕೆ ನೂರು ಮಾಡಿದೆ. ನನ್ನ ಜೀವನದಲ್ಲಿ ನಾನು ಕೊಟ್ಟ ಮೊದಲ ಪೂರ್ಣ ಅಂಕ. ತಮ್ಮ ಹಸಿರು ಕಡ್ಡಿಯನ್ನು ಪೆಟ್ಟಿಗೆಯ ಬೆನ್ನಿನ ಹಸಿರು ತೂತಿನಿಂದ ಕಿತ್ತು, ಊದಿ, ಒರೆಸಿ, ಮತ್ತೆ ಅದೇ ತೂತಿಗೆ ಚುಚ್ಚಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಹಚ್ಚಿ ಆರಿಸಿದೆ. ತಮ್ಮಿಬ್ಬರಲ್ಲಿ ಮುನಿಸೇನಾದರೂ ಇದ್ದೀತೆಂದು ಎಡದವರನ್ನು ಬಲಕ್ಕೂ ಬಲದವರನ್ನು ಎಡಕ್ಕೂ ಕೂರಿಸಿದೆ, ಒಂದು ಮಧ್ಯಾಹ್ನ ಮುಖಾಮುಖಿಯಾಗಿ ಬಿಟ್ಟು ಹೊರಗೂ ಹೋಗಿಬಂದೆ. ಕಂಪ್ಯೂಟರಿನಲ್ಲೇ 'ಟ್ರಬಲ್‌ಶೂಟ್' ಎಂಬ ಬಟನ್ ಕಂಡಿತು. ಟ್ರಬಲ್ ಎಂದರೆ ತೊಂದರೆ, ಶೂಟ್ ಎಂದರೆ ಗುಂಡು ಹೊಡೆಯುವುದು. ನನ್ನ ಅಂದಿನ ಮನಃಸ್ಥಿತಿಗೆ ಎರಡೂ ಒಪ್ಪುತ್ತಿದ್ದವು, ಒತ್ತಿದೆ. ಅದು ಬಹಳ ಹೊತ್ತು ಯೋಚಿಸಿ, 'ನೋ ಪ್ರಾಬ್ಲಮ್ ಫೌಂಡ್' ಎಂದು ಷರಾ ಬರೆಯಿತು. ನಮ್ಮ ಇಲಾಖೆಯ ತನಿಖಾ ವರದಿಗಳು ನೆನಪಾಗಿ ಕಣ್ಣು ತುಂಬಿಬಂತು.

ಆಗ ತಮ್ಮಿಬ್ಬರನ್ನೂ ಟವೆಲಿನಲ್ಲಿ ಸುತ್ತಿ, ರೇಡಿಯೋ ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಅಲ್ಲಿ ತಾವು ನಡೆದುಕೊಂಡ ರೀತಿಯನ್ನು ಬರೆಯಲು ಇಂಗ್ಲಿಷೇ ಬೇಕು: ನಾಟ್ ಓನ್ಲಿ ಹಾಡಿದಿರಿ, ಬಟ್ ಆಲ್ಸೋ ಕುಣಿದಿರಿ. ರಿಪೇರಿಯವನು ತಮ್ಮ ಕಡ್ಡಿಯನ್ನು ತನ್ನ ಫೋನಿಗೆ ಚುಚ್ಚಿದ್ದೇ ತಡ, ಗಾಜಿನ ಕಪಾಟು ನಡುಗುವಂತೆ ಅದೇನು ಕಂಠ, ಅದೇನು ಉತ್ಸಾಹ! ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. 'ಇವಕ್ಕೇನೂ ಆಗಿಲ್ಲ ಯಜಮಾನ್ರೇ, ಕಲ್ಲು ಗುಂಡು. ನಿಮ್ಮನೇಲೇ ಏನೋ ಆಗಿದೆ' ಎಂದ. ಮನೆಗೆ ತಂದು ಅದೇ ಜಾಗದಲ್ಲಿ ಕೂರಿಸಿದೆ. ಮೌನ. ಹೊರಗಿನವರ ಮುಂದೆ ನಗುನಗುತ್ತ ಮಾತಾಡಿ ಮನೆಗೆ ಬಂದು ಮುಖ ಊದಿಸಿಕೊಳ್ಳುವವರ ಬಗ್ಗೆ ನಮ್ಮಾಕೆಗೆ ಬಹಳ ಹೇಳುವುದಿತ್ತು, ಆದರೆ ಅವಳು ಅದನ್ನೆಲ್ಲ ನನಗೆ ಹೇಳುತ್ತಿದ್ದಳು.

ಕೊನೆಗೆ ಸಹಾಯವಾಣಿಗೆ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಬಹಳ ತಾಳ್ಮೆಯಿಂದ, 'ಸಾರ್, ಕಂಪ್ಯೂಟರ್ ಬಾಕ್ಸಿನ ಮುಂದ್ಗಡೆ ಏನಾದ್ರೂ ಚುಚ್ಚಿದೆಯಾ ನೋಡಿ' ಎಂದಳು. ಬಗ್ಗಿ ನೋಡಿ, ಮುಂದುಗಡೆ ಹೂವಿದೆ ಕಣಮ್ಮ ಎಂದೆ. 'ಹೂವಾ?' ಎಂದಳು. ಹಳದಿ ಹೂವು, ಎಣಿಸಿದರೆ ಎಂಟು, ಬೇರೇನೂ ಇಲ್ಲ ಎಂದು ಇನ್ಸ್‌ಪೆಕ್ಟರನಿಗೆ ತಕ್ಕಂತೆ ಕರಾರುವಾಕ್ಕಾಗಿ ತಿಳಿಸಿದೆ. ಅವಳು ಕೂಡಲೇ, ತನ್ನ ಸೇವೆ ಹೇಗಿತ್ತೆಂದು ಒಂದರಿಂದ ಐದರೊಳಗೆ ಅಂಕ ಕೊಡಬೇಕೆಂದು ಕೇಳಿಕೊಂಡಳು.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಸವಿನಯ ಪ್ರಾರ್ಥನೆಯೇನೆಂದರೆ, ತಮಗೆ ನನ್ನ ಮೇಲೆ ಎಷ್ಟೇ ಕೋಪವಿರಲಿ, ಶನಿವಾರದೊಳಗೆ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ಮಾತ್ರ ಕರ್ತವ್ಯಕ್ಕೆ ಹಾಜರಾಗಿ, ಆ ಮೇಲೆ ಬೇಕಾದರೆ ಜೀವಮಾನದ ರಜೆ ಹಾಕಿ. ಅಷ್ಟೂ ಸಾಧ್ಯವಿಲ್ಲದಿದ್ದರೆ 'ಎಡ ಹೆಗಲು' ಎಂಬ ಭಾಗವನ್ನಾದರೂ ಪಿಸುಮಾತಿನಲ್ಲಿ

*

ಇಲ್ಲಿಯವರೆಗೆ ನಿನ್ನೆ ಬರೆದಿದ್ದೆ. ವಾಕ್ಯ ಮುಗಿಸುವ ಮುಂಚೆ ನನ್ನ ನಾದಿನಿ ಬಂದಳು. ಮೇಲಿನದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆಯಬಹುದಿತ್ತು, ಆದರೆ ಇಲಾಖೆಯಲ್ಲಿ ಒಮ್ಮೆ ಬರೆದ ಷರಾವನ್ನು ಅಳಿಸುವ ಪದ್ಧತಿಯಿಲ್ಲ. ಕೆಳಗೆ ಇನ್ನೊಂದು ಷರಾ ಬರೆಯಬಹುದು, ಅಷ್ಟೆ.

ಬೀಳ್ಕೊಡುಗೆಗೆ ಕರೆಯಲು ಬಂದವಳು ಕೂರಲಿಲ್ಲ. ಮೂಗಿಗೆ ಸೆರಗು ಹಿಡಿದುಕೊಂಡು, 'ಭಾವ, ಈ ಕಂಪ್ಯೂಟರ್ ಬಟ್ಟೆ ಒಗೆದು ಎಷ್ಟು ದಿನ ಆಯ್ತು? ಹಳದಿ ಹೂವೋ, ಹಳದಿ ಧೂಳೋ ಒಂದೂ ಗೊತ್ತಾಗ್ತಿಲ್ಲ' ಎಂದಳು. ಅದನ್ನು ಬಿಚ್ಚಬಾರದು, ನಿಮ್ಮಕ್ಕ ಹೇಳಿದ್ದಾಳೆ ಎಂದೆ. 'ಅಕ್ಕ ಬಿಚ್ಚಬೇಡಿ ಅಂದಿದ್ದು ನಿಮಗೆ, ನನಗಲ್ಲ' ಎಂದು, ನಾನು ಕುರ್ಚಿಯಿಂದ ಏಳುವುದರೊಳಗೆ, ಮಗುವಿನ ಅಂಗಿ ತೆಗೆಯುವಂತೆ ಒಂದೇ ಸಲಕ್ಕೆ ಎಳೆದು ತೆಗೆದಳು. ಪೆಟ್ಟಿಗೆಯ ಎದೆಯಲ್ಲಿ, ಎಂಟು ಹೂವುಗಳ ಹಿಂದೆ, ಎರಡು ಕಡ್ಡಿಗಳು ಚುಚ್ಚಿಕೊಂಡಿದ್ದವು. ಅವುಗಳಿಂದ ಹೊರಟ ಒಂದು ಕರಿಯ ತಂತಿ ನೆರಿಗೆಯ ಕೆಳಗೆ ಇಳಿದು, ಜಮಖಾನೆಯ ಅಡಿ ನುಸುಳಿ, ಗೋಡೆಗುಂಟ ಸಾಗಿ, ನಾನು ಎಂಟು ತಿಂಗಳಿಂದ ತೆಗೆಯದ ಹೊಲಿಗೆ ಕೋಣೆಯ ಬಾಗಿಲಿನ ಕೆಳಗೆ ಮಾಯವಾಗಿತ್ತು. 'ಇದೇನ್ ಭಾವ, ಇದಕ್ಕೊಂದು ಬಾಲ?' ಎಂದು ಅವಳು ಹಿಡಿದು ಕಿತ್ತಳು.

ಆ ಹೊತ್ತಿಗೆ ಕಡತ ಓಡುತ್ತಿತ್ತು. ಬರೆಯುವಾಗಲೂ ಅದನ್ನು ಒತ್ತಿಯೇ ಇಡುವುದು ನನ್ನ ಅಭ್ಯಾಸವಾಗಿತ್ತು. ಗುಂಡಿ ಕೊನೆಯವರೆಗೂ ತಿರುಗಿತ್ತು, ತುತ್ತೂರಿ ನೂರಕ್ಕೆ ನೂರಿತ್ತು, ಕಿಟಕಿ ತೆರೆದಿತ್ತು. ಮಾನ್ಯರೇ, ಹತ್ತೊಂಬತ್ತು ದಿನಗಳ ಬಾಕಿಯನ್ನು ಸೇರಿಸಿ ತಾವಿಬ್ಬರೂ ಒಕ್ಕೊರಲಿನಿಂದ, ನಮ್ಮಾಕೆಯ ಧ್ವನಿಯಲ್ಲಿ, ಇಡೀ ಬೀದಿಗೆ ಕೇಳುವಂತೆ ಕೂಗಿದ್ದು ಇಷ್ಟು: 'ಹೊಟ್ಟೆ ಒಳಗೆ ಎಳ್ಕೋಬೇಡಿ ಅಂದ್ನಲ್ಲಾ!'

ಎದುರುಮನೆಯ ಹಿರಿಯರೊಬ್ಬರು ತಮ್ಮ ಹೊಟ್ಟೆಯನ್ನು ಸಡಿಲಿಸಿದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ನಾದಿನಿ, ಮೂವತ್ತಮೂರು ವರ್ಷದ ರೂಢಿಯಿಂದ, ತುಟಿಯ ಮೇಲೆ ಬೆರಳಿಟ್ಟು 'ಶ್' ಎಂದಳು. ಆಮೇಲೆ ಯಾರಿಗೆ 'ಶ್' ಎಂದೆನೆಂದು ಹೊಳೆದು ಅಲ್ಲೇ ನೆಲದ ಮೇಲೆ ಕೂತಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ಪರಿಶೀಲಿಸಲಿಲ್ಲ.

ಅರ್ಥವಾಯಿತಲ್ಲ? ಅವಳ ತಲೆಯ ಪಟ್ಟಿ ಬರೀ ಹೇಳುವ ಯಂತ್ರವೆಂದು ನಾನು ತಿಳಿದಿದ್ದೆ. ಅದಕ್ಕೆ ಕಿವಿಗಳೂ ಇದ್ದವು. ಅದರ ಕಡ್ಡಿ ಮುಂದೆ ಚುಚ್ಚಿರುವಷ್ಟು ಹೊತ್ತೂ ಸದ್ದೆಲ್ಲ ಅತ್ತಲೇ ಹೋಗುತ್ತದಂತೆ, ತಮಗೆ ಬರುವುದಿಲ್ಲವಂತೆ. ಅಂದರೆ ದಿನಕ್ಕೆ ಆರು ಸಲದಂತೆ ಹತ್ತೊಂಬತ್ತು ದಿನ, ನಾನು ಇಲ್ಲಿ ತಮ್ಮನ್ನು ಬೈಯುತ್ತಿದ್ದಾಗ, ಅವಳು ಅಲ್ಲಿ ಮುಚ್ಚಿದ ಬಾಗಿಲಿನ ಹಿಂದೆ, ಹೊಲಿಗೆ ಯಂತ್ರದ ಮೇಲೆ ನೇತುಹಾಕಿದ ಪಟ್ಟಿಯಲ್ಲಿ ಮಾತಾಡುತ್ತಲೇ ಇದ್ದಳು. ನೂರ ಹದಿನಾಲ್ಕು ಸಲ. ಬಾಗಿಲು ತೆಗೆಯುವುದೊಂದು ಬಾಕಿಯಿತ್ತು.

ಕಡ್ಡಿಯನ್ನು ಮತ್ತೆ ಅದರ ಜಾಗಕ್ಕೆ ಚುಚ್ಚಿ, ಕಡತವನ್ನು ಮೊದಲಿನಿಂದ ಒತ್ತಿ, ಆ ಬಾಗಿಲು ತೆಗೆದೆ. ಅವಳ ಸ್ಟೂಲಿನ ಮೇಲೆ ಕೂತು ಪಟ್ಟಿಯನ್ನು ಕಿವಿಗಿಟ್ಟುಕೊಂಡೆ. ಕತ್ತು ಹದಿನಾರು, ತೋಳು ಇಪ್ಪತ್ತಮೂರೂವರೆ, ಎದೆ ನಲವತ್ತು, ಹೊಟ್ಟೆಯ ಬಗ್ಗೆ ಮೇಲಿನ ವಾಗ್ವಾದ, ನಡುನಡುವೆ ನನ್ನ 'ಹೂಂ'. ಮೂರನೇ ನಿಮಿಷಕ್ಕೆ ನಾನು ಕೋಣೆಯಿಂದ ಹೊರಟ ಚಪ್ಪಲಿ ಸದ್ದು. ಆಮೇಲೆ ಅವಳು, ಧ್ವನಿ ತಗ್ಗಿಸಿ: 'ಹೋದ್ರಾ? ಹೋದ್ರು. ಎಡ ಹೆಗಲು ಅರ್ಧ ಇಂಚು ಇಳಿದಿದೆ, ಮುಂಚೆ ಕಾಲು ಇಂಚಿತ್ತು. ಆ ಹಾಳು ಚೀಲದ ದೆಸೆ. ಊರಿನ ತಕ್ಕಡಿ ಎಲ್ಲಾ ನೇರ ಮಾಡಿದ ಮನುಷ್ಯ, ತನ್ನ ಹೆಗಲೇ ಓರೆ ಅಂದ್ರೆ ಸಣ್ಣ ಮುಖ ಮಾಡ್ಕೋತಾರೆ. ಯಾವತ್ತಿನ ಹಾಗೆ ಎಡಕ್ಕೆ ಅಷ್ಟು ಬಟ್ಟೆ ಜಾಸ್ತಿ ಬಿಟ್ಟು, ಒಳಗೊಂದು ಪಟ್ಟಿ ಮಡಚಿಟ್ಟು ಹೊಲಿದ್ರಾಯ್ತು, ಬಟ್ಟೇಲಿ ನೇರ ಕಾಣ್ತಾರೆ.'

ಯಾವತ್ತಿನ ಹಾಗೆ! ಎದ್ದು ಕಪಾಟು ತೆಗೆದು ನನ್ನ ಹದಿನಾಲ್ಕು ಅಂಗಿಗಳನ್ನೂ ತಿರುವಿಹಾಕಿ ತಪಾಸಣೆ ಮಾಡಿದೆ. ಹದಿನಾಲ್ಕರಲ್ಲೂ ಎಡ ಹೆಗಲಿನ ಒಳಗೆ, ಕಣ್ಣಿಗೆ ಕಾಣದ ಹೊಲಿಗೆಯಲ್ಲಿ, ಮಡಚಿಟ್ಟ ಒಂದು ಪಟ್ಟಿ. ಹಳೆಯವುಗಳಲ್ಲಿ ತೆಳು, ಈಚಿನವುಗಳಲ್ಲಿ ದಪ್ಪ. ಬಿಸ್ಕತ್ತು ಬಣ್ಣದ್ದರಲ್ಲೂ ಇತ್ತು. ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ಇಷ್ಟು ದೀರ್ಘಕಾಲದ, ಇಷ್ಟು ಅಚ್ಚುಕಟ್ಟಾದ ಅಳತೆಯ ಮೋಸವನ್ನು ನಾನು ಹಿಡಿದಿರಲಿಲ್ಲ.

ಸಂಜೆಯೇ ಟೈಲರನ ಬಳಿ ಹೋಗಿ, ಕೈತಪ್ಪಿದ್ದಲ್ಲ, ಬೇಕಂತಲೇ ಮಾಡಿದ್ದು, ನನ್ನ ಹೆಗಲೇ ಓರೆ ಎಂದು ಹೇಳಿದೆ. 'ಅದೇ ಅನ್ಕೊಂಡೆ' ಎಂದು ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಡಲಿ. ಅಂಗಿ ಗುರುವಾರಕ್ಕೆ ಸಿದ್ಧ.

ಆದಕಾರಣ, ಮಾನ್ಯರೇ, ನಿನ್ನೆಯ ಪ್ರಾರ್ಥನೆಯನ್ನು ಹಿಂತೆಗೆದುಕೊಂಡು ತದ್ವಿರುದ್ಧವಾದ ಇನ್ನೊಂದನ್ನು ಸಲ್ಲಿಸುತ್ತಿದ್ದೇನೆ: ದಯಮಾಡಿ ತಾವು ಮಾತಾಡಬೇಡಿ. ಒಗೆದು ಒಣಗಿದ ಹೂವಿನ ನಿಲುವಂಗಿಯನ್ನು ಪೆಟ್ಟಿಗೆಗೆ ಮತ್ತೆ ತೊಡಿಸಿದ್ದೇನೆ, ಕಡ್ಡಿ ಅದರ ಹಿಂದೆ ಇದ್ದಲ್ಲೇ ಇದೆ. ಕೇಳಬೇಕೆನಿಸಿದಾಗ ಎದ್ದು ಆ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತೇ ಕೇಳಬೇಕು ಎಂಬ ಅವಳ ಏರ್ಪಾಡು ನನಗೆ ಒಪ್ಪಿಗೆಯಾಗಿದೆ. ತಾವು ಹೀಗೆಯೇ ಹಸಿರು ದೀಪ ಉರಿಸಿಕೊಂಡು, ಪೂರ್ಣ ವೇತನದ ಮೇಲೆ, ಏನೂ ಮಾಡದೆ ಕುಳಿತಿರತಕ್ಕದ್ದು. ಫಾರ್ ವಿಚ್ ಆಕ್ಟ್ ಆಫ್ ಕೈಂಡ್‌ನೆಸ್, ಇತ್ಯಾದಿ.

ತಮ್ಮ ವಿಶ್ವಾಸಿ,
ಎಡ ಹೆಗಲು ಅರ್ಧ ಇಂಚು ಇಳಿದಿರುವ,
ನಿವೃತ್ತ ಇನ್ಸ್‌ಪೆಕ್ಟರ್

ಪ್ರತಿಗಳು: ಒಂದು, ಸಹಾಯವಾಣಿಯ ಹೆಣ್ಣುಮಗಳಿಗೆ, ಐದಕ್ಕೆ ಐದು ಅಂಕಗಳೊಂದಿಗೆ. ಇನ್ನೊಂದು, ಎದುರುಮನೆಯ ಹಿರಿಯರಿಗೆ, ಆ ಕೂಗು ಅವರನ್ನು ಕುರಿತದ್ದಲ್ಲವೆಂಬ ವಿವರಣೆಯೊಂದಿಗೆ.

ವಿ.ಸೂ.: ಬೀಳ್ಕೊಡುಗೆ ಸಮಾರಂಭಕ್ಕೆ ತಮ್ಮ ಬಂಧುಗಳಾದ ಬಾಡಿಗೆಯ ದೊಡ್ಡ ಸ್ಪೀಕರುಗಳು ಬರುತ್ತಿದ್ದಾರಂತೆ. ನನ್ನ ನಾಲ್ಕು ಮಾತಿನ ಹೊತ್ತಿಗೆ ಅವರೂ ಮನೆತನದ ಮರ್ಯಾದೆ ಉಳಿಸಿಕೊಂಡು ಬಾಯಿ ಮುಚ್ಚಿದರೆ ಸಭಿಕರು ತಮ್ಮನ್ನು ನೆನೆಯುತ್ತಾರೆ. ಅಂದಹಾಗೆ, ತಮ್ಮಲ್ಲಿ ಎಡಗಡೆಯವರು ವಾಲಿ ಕೂರುವುದನ್ನು ನೋಡಲಾರದೆ, ಅವಳು ಅಂಗಿಗೆ ಕತ್ತರಿಸಿ ಉಳಿಸಿದ್ದ ತಿಳಿನೀಲಿ ಬಟ್ಟೆಯ ತುಂಡೊಂದನ್ನು ಅರ್ಧ ಇಂಚಿಗೆ ಮಡಚಿ ಕೆಳಗಿಟ್ಟಿದ್ದೇನೆ. ಈಗ ನೇರ ಕಾಣುತ್ತೀರಿ. ಈ ಭಾಗವನ್ನು ಮಾತ್ರ ಕಿಟಕಿ ಮುಚ್ಚಿ ಓದುತ್ತೇನೆ.